ರೀಸೆಟ್ ಒತ್ತಿದರೆ ಏಳುವ ಬೋರ್ಡ್, ವಿದ್ಯುತ್ ಕೊಟ್ಟಾಗ ಏಕೆ ಏಳುವುದಿಲ್ಲ?

ಪ್ರಶ್ನೆ: ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್) ಮಾಡ್ಯೂಲ್ ಇಟ್ಟು ನಾನೇ ಒಂದು ಬೋರ್ಡ್ ವಿನ್ಯಾಸ ಮಾಡಿದ್ದೇನೆ. ವಿದ್ಯುತ್ ಕೊಟ್ಟರೆ ಪ್ರೋಗ್ರಾಂ ಶುರುವಾಗುವುದಿಲ್ಲ. ರೀಸೆಟ್ ಬಟನ್ ಒಮ್ಮೆ ಒತ್ತಿದರೆ ಸಾಕು, ಆಮೇಲೆ ದಿನವಿಡೀ ಓಡುತ್ತದೆ. ಇದೇ ಪ್ರೋಗ್ರಾಂ ಕೊಂಡು ತಂದ ಡೆವಲಪ್‌ಮೆಂಟ್ ಬೋರ್ಡಿನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ತಪ್ಪು ಎಲ್ಲಿರಬಹುದು?

ಉತ್ತರ: ಪ್ರೋಗ್ರಾಂಗೆ ಸದ್ಯ ಕೈ ಹಚ್ಚಬೇಡಿ. ದಿನವಿಡೀ ಓಡುತ್ತದೆ ಎಂದಮೇಲೆ ಚಿಪ್, ಪ್ರೋಗ್ರಾಂ ಇಟ್ಟುಕೊಳ್ಳುವ ಫ್ಲ್ಯಾಶ್ ಮೆಮೊರಿ, ಬೆಸುಗೆ ಹೆಚ್ಚುಕಡಿಮೆ ನೆಟ್ಟಗಿವೆ ಎಂದೇ ಅರ್ಥ. ರೀಸೆಟ್ ಒತ್ತುವ ಹೊತ್ತಿಗೆ ಬೋರ್ಡಿನ ಕೆಪಾಸಿಟರ್‌ಗಳೆಲ್ಲ ತುಂಬಿ, 3.3 ವೋಲ್ಟ್ ಗಟ್ಟಿಯಾಗಿ ನಿಂತಿರುತ್ತದೆ. ವಿದ್ಯುತ್ ಕೊಟ್ಟ ಕ್ಷಣದಲ್ಲಿ ಹಾಗಿರುವುದಿಲ್ಲ. ನಿಮ್ಮ ತೊಂದರೆ ಆ ಮೊದಲ ಕೆಲವು ಮಿಲಿಸೆಕೆಂಡುಗಳಲ್ಲಿ ಅಡಗಿದೆ.

ಖಾತರಿ ಮಾಡಿಕೊಳ್ಳಲು ರೀಸೆಟ್ ಬಟನ್ ಒತ್ತಿ ಹಿಡಿದುಕೊಂಡೇ ವಿದ್ಯುತ್ ಕೊಡಿ. ಒಂದೆರಡು ಸೆಕೆಂಡ್ ಬಿಟ್ಟು ಬೆರಳು ತೆಗೆಯಿರಿ. ಹೀಗೆ ಹತ್ತು ಸಲ ಮಾಡಿ. ಹತ್ತು ಸಲವೂ ಬೋರ್ಡ್ ಎದ್ದರೆ ಶಂಕೆ ಎರಡೇ ಕಡೆ ಉಳಿಯುತ್ತದೆ: ಚಿಪ್ಪನ್ನು ಎಬ್ಬಿಸುವ ಇಎನ್ ಪಿನ್ (ರೀಸೆಟ್ ಬಟನ್ ಸೇರುವುದು ಇದಕ್ಕೇ) ಮತ್ತು ಎದ್ದ ಚಿಪ್ ಏನು ಮಾಡಬೇಕೆಂದು ಹೇಳುವ ಜಿಪಿಐಒ0 ಪಿನ್.

ಇವೆರಡರಲ್ಲಿ ಯಾವುದು ಎಂದು ಚಿಪ್ ತಾನೇ ಹೇಳುತ್ತದೆ, ನಾವು ಕೇಳಿಸಿಕೊಳ್ಳಬೇಕು ಅಷ್ಟೆ. ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ (ಚಿಪ್ಪಿನ ಸಂದೇಶಗಳನ್ನು ಕಂಪ್ಯೂಟರಿಗೆ ತಲುಪಿಸುವ ಸಾಧನ) ಗ್ರೌಂಡ್ ತಂತಿಯನ್ನು ಬೋರ್ಡಿನ ಗ್ರೌಂಡಿಗೆ, ಬೋರ್ಡಿನ ಟಿಎಕ್ಸ್ (ಕಳಿಸುವ ಪಿನ್) ಅನ್ನು ಪಡೆಯುವ ಪಿನ್ನಾದ ಅಡಾಪ್ಟರಿನ ಆರ್‌ಎಕ್ಸ್‌ಗೆ ಜೋಡಿಸಿ, ವೇಗ 115200 ಇಡಿ. ಈ ಎರಡು ತಂತಿ ಸಾಕು, ಮೂರನೆಯದು ಬೇಡ. ಅಡಾಪ್ಟರಿನ ಟಿಎಕ್ಸ್ ತಂತಿ ಬೋರ್ಡಿಗೆ ತಗುಲಿದ್ದರೆ ಅದರ ಮೂಲಕವೇ ಚಿಪ್ಪಿನೊಳಗೆ ಕಳ್ಳದಾರಿಯಲ್ಲಿ ವಿದ್ಯುತ್ ನುಗ್ಗುತ್ತದೆ. ಆಗ ನೀವು ಸ್ವಿಚ್ ಆರಿಸಿದರೂ 3.3 ವೋಲ್ಟ್ ಗೆರೆ ಸೊನ್ನೆಗೆ ಇಳಿಯದೆ ನಡುವೆಯೇ ನಿಲ್ಲಬಹುದು. ಹಾಗೆ ಅರೆಜೀವದಲ್ಲಿರುವ ಚಿಪ್ಪಿಗೆ ಶುದ್ಧವಾದ ಆರಂಭವೇ ಸಿಗುವುದಿಲ್ಲ. ತಪ್ಪು ಹುಡುಕಲು ಹಾಕಿದ ತಂತಿಯೇ ತಪ್ಪನ್ನು ಹುಟ್ಟಿಸುವ ಸಂದರ್ಭ ಇದು. ಆದ್ದರಿಂದ ಸ್ವಿಚ್ ಆರಿಸಿದ ಮೇಲೆ ಆ ಗೆರೆಯನ್ನು ಒಮ್ಮೆ ಮಲ್ಟಿಮೀಟರಿನಲ್ಲಿ ಅಳೆದು ನೋಡಿ.

ಈಗ ವಿದ್ಯುತ್ ಕೊಡಿ. ಕಂಪ್ಯೂಟರ್ ಪರದೆಯ ಮೇಲೆ ‘ವೇಟಿಂಗ್ ಫಾರ್ ಡೌನ್‌ಲೋಡ್’ ಎಂದು ಬಂದರೆ ಜಿಪಿಐಒ0 ಸಿಕ್ಕಿಬಿದ್ದಿತು. ಚಿಪ್ ಏಳುವಾಗ ಈ ಪಿನ್ ಮೇಲಿದ್ದರೆ (3.3 ವೋಲ್ಟಿನ ಹತ್ತಿರ) ಫ್ಲ್ಯಾಶ್‌ನಲ್ಲಿರುವ ಪ್ರೋಗ್ರಾಂ ಓಡುತ್ತದೆ, ಕೆಳಗಿದ್ದರೆ (ಸೊನ್ನೆಯ ಹತ್ತಿರ) ಹೊಸ ಪ್ರೋಗ್ರಾಂಗಾಗಿ ಕಾಯುತ್ತ ಕೂರುತ್ತದೆ. ಈ ಪಿನ್ನಿಗೆ ಸೇರುವ ಬೂಟ್ ಬಟನ್ ಅದುರದಿರಲಿ ಎಂಬ ಕಾಳಜಿಯಿಂದ ಅನೇಕರು ಅದಕ್ಕೊಂದು ಕೆಪಾಸಿಟರ್ ಸೇರಿಸುತ್ತಾರೆ. ಅದನ್ನು ತುಂಬಿಸಬೇಕಾದದ್ದು ಚಿಪ್ಪಿನೊಳಗಿನ ಸುಮಾರು 45 ಕಿಲೋ ಓಮ್ ರೆಸಿಸ್ಟರ್. 1 ಮೈಕ್ರೋಫ್ಯಾರಡ್ ಹಾಕಿದ್ದರೆ ಸಮಯಾಂಕ, ಅಂದರೆ ಅದು ಸುಮಾರು ಮೂರನೇ ಎರಡು ಪಾಲು ತುಂಬಲು ಬೇಕಾದ ಹೊತ್ತು, 45 ಮಿಲಿಸೆಕೆಂಡ್ ಆಯಿತು. ಅಷ್ಟರಲ್ಲಿ ಚಿಪ್ ಆ ಪಿನ್ನನ್ನು ಓದಿ, ಕೆಳಗಿದೆ ಎಂದು ತೀರ್ಮಾನಿಸಿಬಿಟ್ಟಿರುತ್ತದೆ. ರೀಸೆಟ್ ಒತ್ತುವಾಗ ಕೆಪಾಸಿಟರ್ ತುಂಬಿರುವುದರಿಂದ ಎಲ್ಲವೂ ಸರಿ. ಅದನ್ನು ಕಿತ್ತುಹಾಕಿ, 10 ಕಿಲೋ ಓಮ್ ರೆಸಿಸ್ಟರ್ ಒಂದರಿಂದ ಪಿನ್ನನ್ನು 3.3 ವೋಲ್ಟಿಗೆ ಎಳೆದರೆ ಕೆಲಸ ಮುಗಿಯಿತು.

ಪರದೆ ಖಾಲಿಯಾಗಿ ಉಳಿದರೆ, ಅಥವಾ ಫ್ಲ್ಯಾಶ್ ಓದಲಾಗಲಿಲ್ಲ ಎಂಬ ದೂರು ಬಂದರೆ, ಇಎನ್ ಕಡೆ ತಿರುಗಿ. ಇಎನ್ ಮೇಲೇರಿತೆಂದರೆ ಚಿಪ್ ಎದ್ದೇಳುತ್ತದೆ, ತನ್ನ 3.3 ವೋಲ್ಟ್ ಪೂರ್ತಿ ಬಂದಿದೆಯೋ ಇಲ್ಲವೋ ಎಂದು ಕಾಯುವುದಿಲ್ಲ. ವೋಲ್ಟೇಜ್ ನಿಂತ ಮೇಲೆ ಕನಿಷ್ಠ 50 ಮೈಕ್ರೋಸೆಕೆಂಡ್ ಕಳೆದು ಇಎನ್ ಏರಬೇಕು. ಅದಕ್ಕಾಗಿಯೇ ಅಲ್ಲಿ 10 ಕಿಲೋ ಓಮ್ ಮತ್ತು 1 ಮೈಕ್ರೋಫ್ಯಾರಡ್ ಜೋಡಿ ಇಡುವುದು ರೂಢಿ. 10 ಮಿಲಿಸೆಕೆಂಡ್ ಆಸುಪಾಸಿನ ತಡ ಸಿಗುತ್ತದೆ.

ನನ್ನ ಒಂದು ಬೋರ್ಡಿನ ನಕ್ಷೆಯಲ್ಲಿ ಈ ಜೋಡಿ ಸರಿಯಾಗಿಯೇ ಇತ್ತು. ಆದರೂ ಬೋರ್ಡ್ ಏಳುತ್ತಿರಲಿಲ್ಲ. ಆಸಿಲೋಸ್ಕೋಪಿನ ಒಂದು ಮೊನೆಯನ್ನು 3.3 ವೋಲ್ಟಿಗೆ, ಇನ್ನೊಂದನ್ನು ಇಎನ್‌ಗೆ ಹಿಡಿದಾಗ ಎರಡು ಗೆರೆಗಳೂ ಕೈ ಕೈ ಹಿಡಿದುಕೊಂಡು ಗುಡ್ಡ ಹತ್ತುವಂತೆ ಒಟ್ಟಿಗೆ ಏರುತ್ತಿದ್ದವು. ಇಎನ್ ಹಿಂದೆ ಉಳಿಯಬೇಕಿತ್ತು, ಉಳಿಯಲಿಲ್ಲ. ಕೆಪಾಸಿಟರ್ ಬಿಚ್ಚಿ ಅಳೆದೆ: 0.1 ಮೈಕ್ರೋಫ್ಯಾರಡ್. ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳ ಮೈಮೇಲೆ ಅಂಕಿ ಅಕ್ಷರ ಏನೂ ಇರುವುದಿಲ್ಲ. ಹತ್ತು ಪಟ್ಟು ವ್ಯತ್ಯಾಸದ ಎರಡು ತುಣುಕುಗಳು ಅದೇ ಕಂದು ಬಣ್ಣ, ಅದೇ ಗಾತ್ರದಲ್ಲಿ ಕಣ್ಣೆದುರು ಕೂತಿರುತ್ತವೆ. ನಕ್ಷೆಯಲ್ಲಿ ಏನಿದೆ ಎಂದಲ್ಲ, ಬೋರ್ಡಿನ ಮೇಲೆ ಏನಿದೆ ಎಂದು ಅಳೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗೆಂದು ಹೆಚ್ಚು ಭದ್ರವಾಗಲಿ ಎಂದು 10 ಅಥವಾ 47 ಮೈಕ್ರೋಫ್ಯಾರಡ್ ಹಾಕಬೇಡಿ. ವಿದ್ಯುತ್ ಕಣ್ಣು ಮಿಟುಕಿಸುವಷ್ಟು ಹೊತ್ತು ಹೋಗಿ ಬಂದರೆ ಅಷ್ಟು ದೊಡ್ಡ ಕೆಪಾಸಿಟರ್ ಖಾಲಿಯಾಗುವುದೇ ಇಲ್ಲ. ಇಎನ್ 0.6 ವೋಲ್ಟ್‌ಗಿಂತ ಕೆಳಗೆ ಇಳಿಯದಿದ್ದರೆ ರೀಸೆಟ್ ಆಗುವ ಭರವಸೆಯಿಲ್ಲ. ನಿಮ್ಮ ವಿದ್ಯುತ್ ಮೂಲ ನಿಧಾನವಾಗಿ ಏರುವಂಥದ್ದಾದರೆ, ಬ್ಯಾಟರಿ ಅಥವಾ ಸೌರಫಲಕದ ಸಂಗತಿಯಾದರೆ, 3.0 ವೋಲ್ಟ್ ಆಸುಪಾಸಿನ ರೀಸೆಟ್ ಸೂಪರ್‌ವೈಸರ್ ಚಿಪ್ ಒಂದನ್ನು ಇಎನ್‌ಗೆ ಜೋಡಿಸುವುದೇ ಸರಿಯಾದ ದಾರಿ. ಅದು ಸಮಯವನ್ನು ಊಹಿಸುವುದಿಲ್ಲ, ವೋಲ್ಟೇಜನ್ನೇ ನೋಡುತ್ತದೆ.

ರೀಸೆಟ್ ಒತ್ತಿದರೂ ಏಳದ ಬೋರ್ಡಿನ ಕಥೆ ಬೇರೆ. ಅಲ್ಲಿ ನಾನು ಮೊದಲು ನೋಡುವುದು ಜಿಪಿಐಒ12. ಏಳುವ ಕ್ಷಣದಲ್ಲಿ ಅದು ಮೇಲಿದ್ದರೆ ಚಿಪ್ ತನ್ನ ಫ್ಲ್ಯಾಶ್‌ಗೆ 3.3ರ ಬದಲು 1.8 ವೋಲ್ಟ್ ಕೊಡುತ್ತದೆ. ಆ ಪಿನ್ನಿಗೆ ಸೆನ್ಸರ್ ಒಂದರ ಪುಲ್‌ಅಪ್ ರೆಸಿಸ್ಟರ್ (ಪಿನ್ನನ್ನು 3.3 ವೋಲ್ಟಿಗೆ ಎಳೆಯುವಂಥದ್ದು) ಸೇರಿದ್ದರೆ 3.3 ವೋಲ್ಟಿನ ಫ್ಲ್ಯಾಶ್ ಇರುವ ಬೋರ್ಡ್ ಎಷ್ಟು ಸಲ ರೀಸೆಟ್ ಮಾಡಿದರೂ ಫ್ಲ್ಯಾಶ್ ಓದಲಾಗಲಿಲ್ಲ ಎಂದೇ ಹೇಳುತ್ತಿರುತ್ತದೆ. ಚಿಪ್ಪಿನೊಳಗಿನ ಇಫ್ಯೂಸ್ (ಒಮ್ಮೆ ಮಾತ್ರ ಬರೆಯಬಹುದಾದ ಗುರುತು) ಸುಟ್ಟು ಈ ಪಿನ್ನಿನ ಮಾತನ್ನು ಚಿಪ್ ಕೇಳದಂತೆ ಮಾಡಬಹುದು, ಆದರೆ ಒಮ್ಮೆ ಸುಟ್ಟದ್ದನ್ನು ಹಿಂದಕ್ಕೆ ತರಲಾಗದು. ಮೊದಲು ಆ ರೆಸಿಸ್ಟರ್ ಬಿಚ್ಚಿ ನೋಡಿ.