ಅರೋನಿಯನ್–ಆನಂದ್, 2013: ಮೆರಾನ್‌ನಲ್ಲಿ ಎರಡು ಬಿಷಪ್‌ಗಳ ಆಟ

ನೆದರ್‌ಲೆಂಡ್ಸ್‌ನ ವೈಕ್ ಆನ್ ಜೀ, ಟಾಟಾ ಸ್ಟೀಲ್ ಚೆಸ್ ಟೂರ್ನಿ, ಜನವರಿ 2013. ಬಿಳಿ ಲೆವೊನ್ ಅರೋನಿಯನ್, ಕಪ್ಪು ವಿಶ್ವನಾಥನ್ ಆನಂದ್. 23 ನಡೆಗೆ ಕಪ್ಪು ಗೆದ್ದಿತು. ಬೋರ್ಡ್ ಮುಂದಿಟ್ಟುಕೊಂಡೇ ಓದಿ (× ಅಂದರೆ ಹೊಡೆತ, ! ಒಳ್ಳೆಯ ನಡೆ, !! ಅದ್ಭುತ ನಡೆ).

1.ಡಿ4 ಡಿ5 2.ಸಿ4 ಸಿ6 3.ಕುದುರೆ ಎಫ್3 ಕುದುರೆ ಎಫ್6 4.ಕುದುರೆ ಸಿ3 ಇ6 5.ಇ3 ಬಿ-ಕುದುರೆ ಡಿ7 6.ಬಿಷಪ್ ಡಿ3 ಡಿ×ಸಿ4 7.ಬಿಷಪ್×ಸಿ4 ಬಿ5 8.ಬಿಷಪ್ ಡಿ3 ಬಿಷಪ್ ಡಿ6 9.ಕ್ಯಾಸಲ್, ಕ್ಯಾಸಲ್ 10.ರಾಣಿ ಸಿ2 ಬಿಷಪ್ ಬಿ7 11.ಎ3 ರೂಕ್ ಸಿ8 12.ಕುದುರೆ ಜಿ5 ಸಿ5!

ಇದು ಸೆಮಿ-ಸ್ಲಾವ್ ಎಂಬ ಆರಂಭದ ಮೆರಾನ್ ಕವಲು. 1924ರಲ್ಲಿ ಇಟಲಿಯ ಮೆರಾನ್ ಊರಿನಲ್ಲಿ ಗ್ರುನ್‌ಫೆಲ್ಡ್ ಎದುರು ರೂಬಿನ್‌ಸ್ಟೈನ್ ಆಡಿದ್ದರಿಂದ ಆ ಹೆಸರು. ಬಿಳಿ ಬಿಷಪ್ ಡಿ3ಕ್ಕೆ ಬರುವ ತನಕ ಕಾದು ಆಮೇಲೆ ಕಪ್ಪು ಸಿ4 ಹೊಡೆಯಬೇಕು. ಅದು ಮತ್ತೆ ಓಡಾಡುವಷ್ಟರಲ್ಲಿ ಬಿ5 ಪುಕ್ಕಟೆ ಸಿಗುತ್ತದೆ. ಆದರೆ ಸಿ6ರ ಕಾಲಾಳು ಬಿ7 ಬಿಷಪ್‌ನ ದಾರಿಗೆ ಅಡ್ಡ ನಿಂತಿದೆ. ಸಿ5 ತಳ್ಳಲಾಗದಿದ್ದರೆ ಮೆರಾನ್ ಆಡಿ ಪ್ರಯೋಜನವಿಲ್ಲ. ಎ3 ಆದ ಮೇಲೆ ಬಿಳಿ ಬಿ4 ಆಡಿ ಅದನ್ನೇ ತಡೆಯಬೇಕಿತ್ತು. ಅರೋನಿಯನ್ ಎಚ್7 ಕಾಲಾಳಿಗೆ ಆಸೆಪಟ್ಟರು.

13.ಕುದುರೆ×ಎಚ್7 ಕುದುರೆ ಜಿ4! 14.ಎಫ್4 ಸಿ×ಡಿ4 15.ಇ×ಡಿ4 ಬಿಷಪ್ ಸಿ5!!

14.ಎಫ್4 ಡಿ6–ಎಚ್2 ಕರ್ಣವನ್ನು ಮುಚ್ಚಿತು, ಸರಿ. ಆದರೆ ಜಿ1ಕ್ಕೆ ಹೋಗುವ ಕರ್ಣ ಬರಿದಾಯಿತು. ಬಿಷಪ್ ತಕ್ಷಣ ಅಲ್ಲಿಗೆ ಬಂತು. 16.ಡಿ×ಸಿ5 ಎಂದರೆ 16...ಕುದುರೆ×ಸಿ5, ಮುಂದೆ ರಾಣಿ ಡಿ4 ಚೆಕ್. 17.ಕುದುರೆ×ಎಫ್8 ಕುದುರೆ×ಡಿ3 ಆದರೆ ಆ ಕುದುರೆಯನ್ನು ರಾಣಿಯಿಂದ ಹೊಡೆಯುವಂತಿಲ್ಲ, ಡಿ8ರ ರಾಣಿ ಕಾಯುತ್ತಿದ್ದಾಳೆ.

16.ಬಿಷಪ್ ಇ2 ಡಿ-ಕುದುರೆ ಇ5!

ಇದನ್ನು ಹೊಡೆದರೆ? 17.ಎಫ್×ಇ5 ರಾಣಿ×ಡಿ4 ಚೆಕ್ 18.ರಾಜ ಎಚ್1 ರಾಣಿ ಜಿ1 ಚೆಕ್! 19.ರೂಕ್×ಜಿ1 ಕುದುರೆ ಎಫ್2 ಮೇಟ್. ಸಿ2ರ ಬಿಳಿ ರಾಣಿ ಎಫ್2 ಕಾಯಲಾರಳು, ನಡುವೆ ಅವಳದೇ ಬಿಷಪ್ ಇ2ರಲ್ಲಿದೆ. ಈ ಕವಲನ್ನು 2012ರಲ್ಲಿ ಗೆಲ್ಫಾಂಡ್ ಎದುರಿನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕೆಂದೇ ಆನಂದ್ ತಯಾರಿ ಮಾಡಿದ್ದರು.

17.ಬಿಷಪ್×ಜಿ4 ಬಿಷಪ್×ಡಿ4 ಚೆಕ್ 18.ರಾಜ ಎಚ್1 ಕುದುರೆ×ಜಿ4 19.ಕುದುರೆ×ಎಫ್8 ಎಫ್5!

ರೂಕ್ ಹೋಯಿತೆಂದು ಗಾಬರಿಯಾಗಿ ಎಫ್8ರಲ್ಲಿ ರಾಜನಿಂದ ತಿರುಗಿ ಹೊಡೆದರೆ ಬಿಳಿ ರಾಣಿ ಎಚ್7ಕ್ಕೆ ನುಗ್ಗುತ್ತಾಳೆ. ಎಫ್5 ಆ ಕರ್ಣವನ್ನು ಮುಚ್ಚಿ, ರಾಣಿ ಎಚ್4ರ ಬೆದರಿಕೆಯನ್ನೂ ಒಡ್ಡುತ್ತದೆ. 20.ಕುದುರೆ ಜಿ6 ರಾಣಿ ಎಫ್6 21.ಎಚ್3 ರಾಣಿ×ಜಿ6 22.ರಾಣಿ ಇ2 ರಾಣಿ ಎಚ್5 23.ರಾಣಿ ಡಿ3 ಬಿಷಪ್ ಇ3, ಬಿಳಿ ಕೈಚೆಲ್ಲಿತು. ಡಿ3ರಿಂದ ಎಚ್3 ಕಾಯುತ್ತಿದ್ದ ರಾಣಿಗೆ ಬಿಷಪ್ ಅಡ್ಡ ಬಂತು. ಜಿ2ರ ಕಾಲಾಳು ಬಿ7 ಬಿಷಪ್‌ನಿಂದ ಪಿನ್ (ಸರಿದರೆ ಹಿಂದಿನ ರಾಜನಿಗೆ ಚೆಕ್), ಎಚ್3ರದು ರಾಣಿಯಿಂದ ಪಿನ್. 24.ಬಿಷಪ್×ಇ3 ಎಂದರೆ 24...ರಾಣಿ×ಎಚ್3 ಚೆಕ್ 25.ರಾಜ ಜಿ1 ರಾಣಿ×ಜಿ2 ಮೇಟ್, 24.ರಾಣಿ×ಇ3 ಎಂದರೆ ಕುದುರೆ ರಾಣಿಯನ್ನೇ ಹೊಡೆಯುತ್ತದೆ.