ಜರ್ಮನಿಗೆ ಹೊರಟ ಮಗಳ ಚೀಲಕ್ಕೆ ಏನು ತುಂಬಲಿ?

ಪ್ರಶ್ನೆ: ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿದೆ. ಅಕ್ಟೋಬರಿನಲ್ಲಿ ಕ್ಲಾಸು ಶುರು. ನಾವು ಹಾಸನದ ಕಡೆಯವರು. ಮುದ್ದೆ, ಸೊಪ್ಪಿನ ಸಾರು, ಕೊನೆಗೊಂದಿಷ್ಟು ಮೊಸರನ್ನ ಇಲ್ಲದಿದ್ದರೆ ಅವಳಿಗೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಇಲ್ಲಿಂದ ಏನೇನು ಕಟ್ಟಿ ಕಳಿಸಬೇಕು?

ಉತ್ತರ: ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಬದಲಾಗುವುದು ಊರು ಮಾತ್ರ. ಧಾರವಾಡದವರು ಜೋಳದ ರೊಟ್ಟಿಯ ಚಿಂತೆಯಲ್ಲಿರುತ್ತಾರೆ, ಮಂಗಳೂರಿನವರು ಕುಚ್ಚಲಕ್ಕಿಯ ಚಿಂತೆಯಲ್ಲಿ. ಮೊದಲು ಉತ್ತರದ ತಿರುಳನ್ನು ಹೇಳಿಬಿಡುತ್ತೇನೆ: ಅಕ್ಕಿ, ಬೇಳೆ, ರಾಗಿಹಿಟ್ಟು ಹೊರಿಸಬೇಡಿ. ಅವೆಲ್ಲ ಇಲ್ಲಿ ಜರ್ಮನಿಯಲ್ಲೇ ಸಿಗುತ್ತವೆ. ಮನೆಯಲ್ಲಿ ಹುರಿದು ಕುಟ್ಟಿದ ಪುಡಿಗಳು, ಬ್ಯಾಡಗಿ ಮೆಣಸಿನಕಾಯಿ, ಕಾಫಿ ಫಿಲ್ಟರು, ಸ್ಟೀಲಿನ ಕುಕ್ಕರು ಇಷ್ಟಕ್ಕೆ ಮೊದಲ ಜಾಗ ಕೊಡಿ. ಉಳಿದದ್ದನ್ನು ಯಾವ ಅಂಗಡಿಯಲ್ಲಿ ಹುಡುಕಬೇಕು ಎಂಬುದು ಅವಳಿಗೆ ಗೊತ್ತಿದ್ದರೆ ಸಾಕು.

ಹೊಸದಾಗಿ ಬಂದ ಮಕ್ಕಳು ‘ಇಂಡಿಯನ್ ಸ್ಟೋರ್’ ಎಂಬ ಬೋರ್ಡನ್ನೇ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಬಾಸ್ಮತಿ, ರಾಜ್ಮಾ, ಗೋಧಿಹಿಟ್ಟು, ಪನೀರ್ ಧಾರಾಳ. ತೊಗರಿಬೇಳೆ, ಉದ್ದು, ಇಂಗು, ಎಂಟಿಆರ್ ಪೊಟ್ಟಣಗಳೂ ಇರುತ್ತವೆ. ಹೆಚ್ಚಿನ ಕಡೆ ಉತ್ತರ ಭಾರತದವರ ಅಡುಗೆಗೆ ತಕ್ಕಂತೆ ಜೋಡಿಸಿದ ಅಂಗಡಿಗಳಿವು. ನಮ್ಮ ರಾಗಿ, ಕುಚ್ಚಲಕ್ಕಿ, ಹಸಿ ಕರಿಬೇವು ಅಲ್ಲಿ ಕಾಣದೆ ಹೋದಾಗ ‘ಇಲ್ಲಿ ಏನೂ ಸಿಗಲ್ಲಮ್ಮ’ ಎಂದು ಮನೆಗೆ ಫೋನು ಹೋಗುತ್ತದೆ.

ಹುಡುಕಬೇಕಾದದ್ದು ಶ್ರೀಲಂಕಾದ ತಮಿಳರ ಅಂಗಡಿ. 1983ರ ಗಲಭೆಯ ನಂತರ ನಿರಾಶ್ರಿತರಾಗಿ ಯುರೋಪಿಗೆ ಬಂದವರು ತಮ್ಮ ಅಡುಗೆಮನೆಯನ್ನೂ ಇಲ್ಲಿ ಹೊಸದಾಗಿ ಕಟ್ಟಿಕೊಂಡರು. ಹಾಮ್ ಎಂಬ ಊರಿನಲ್ಲಿ ಅವರು ಕಟ್ಟಿದ ಕಾಮಾಕ್ಷಿ ಅಮ್ಮನ ಗೋಪುರದ ದೇವಸ್ಥಾನ 2002ರಿಂದಲೂ ಇದೆ, ಪ್ರತಿವರ್ಷ ತೇರು ಎಳೆಯುತ್ತಾರೆ. ಅವರ ಊಟ ನಮ್ಮ ಊಟಕ್ಕೆ ತೀರಾ ಹತ್ತಿರ. ರಾಗಿಯನ್ನು ಅವರು ಕುರಕ್ಕನ್ ಎನ್ನುತ್ತಾರೆ. ಪೊಟ್ಟಣದ ಮೇಲೆ ಆ ಹೆಸರೇ ಇರುವುದರಿಂದ ನಮ್ಮ ಹುಡುಗರು ಅದರ ಮುಂದೆಯೇ ಹಾದುಹೋಗಿಯೂ ರಾಗಿ ಇಲ್ಲವೆಂದುಕೊಳ್ಳುತ್ತಾರೆ. ಹುರಿದ ಹಿಟ್ಟು ಎಂದು ಬರೆದಿದ್ದರೆ ಬಿಟ್ಟುಬಿಡಲಿ, ಮುದ್ದೆಗೆ ಹಸಿ ಹಿಟ್ಟೇ ಬೇಕು. ಅದೇ ಅಂಗಡಿಯಲ್ಲಿ ಕೆಂಪು ಕುಸುಬಲಕ್ಕಿ ಸಿಗುತ್ತದೆ. ಮಂಗಳೂರಿನವರ ಗಂಜಿಗೆ ಅದಕ್ಕಿಂತ ಒಳ್ಳೆಯದು ಇಲ್ಲಿ ಕಾಣೆ. ಹಸಿ ಕರಿಬೇವು, ನುಗ್ಗೆಕಾಯಿ, ತೆಂಗಿನಕಾಯಿ ವಾರಕ್ಕೊಮ್ಮೆ ಬರುತ್ತವೆ, ಯಾವ ದಿನ ಎಂದು ಕೇಳಿಟ್ಟುಕೊಳ್ಳಬೇಕು. ಕರಿಬೇವನ್ನು ತಂದ ದಿನವೇ ಎಲೆ ಬಿಡಿಸಿ ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ ಕೆಡದು.

ನಿಮ್ಮ ಹಾಸನದ ನಾಲಿಗೆಗೆ ಇನ್ನೊಂದು ಸಮಾಚಾರ: ಅವರೆಕಾಳು ಇಲ್ಲಿ ಸಿಗುತ್ತದೆ. ಗುಜರಾತಿಗಳಿಗೂ ಅದು ಪ್ರಾಣ. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ‘ಪಾಪ್ಡಿ ಲಿಲ್ವಾ’ ಎಂದು ಬರೆದ ಪೊಟ್ಟಣದಲ್ಲಿರುವುದು ನಮ್ಮ ಅವರೆಕಾಳೇ. ಪಕ್ಕದಲ್ಲೇ ‘ತುವೇರ್ ಲಿಲ್ವಾ’ ಇರುತ್ತದೆ, ಅದು ಹಸಿ ತೊಗರಿಕಾಳು. ಎರಡೂ ಹಸಿರು, ಗಡಿಬಿಡಿಯಲ್ಲಿ ಅದಲುಬದಲಾಗುತ್ತವೆ. ಸೊಗಡು ಮಾಗಿಯ ಕಾಲದ ಅವರೆಯಷ್ಟು ಇರುವುದಿಲ್ಲ. ಆದರೂ ಹಿತಕಿ ಸಾರು ಮಾಡಿದ ದಿನ ಆ ಕೋಣೆಯಲ್ಲಿ ಹಾಸನದವರಷ್ಟೇ ಅಲ್ಲ, ಮಂಡ್ಯ, ಕೋಲಾರದವರೂ ಸೇರುತ್ತಾರೆ.

ಸೊಪ್ಪಿಗೆ ಟರ್ಕಿಯವರ ಅಂಗಡಿ. 1961ರ ಒಪ್ಪಂದದ ಮೇಲೆ ಇಲ್ಲಿಗೆ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ನಡೆಸುವ ತರಕಾರಿ ಅಂಗಡಿ ಹೆಚ್ಚುಕಡಿಮೆ ಎಲ್ಲ ಊರಿನಲ್ಲೂ ಇದೆ. ಮ್ಯೂನಿಕ್‌ನಲ್ಲಾದರೆ ರೈಲು ನಿಲ್ದಾಣದ ದಕ್ಷಿಣಕ್ಕಿರುವ ಗೋಥೆ ಬೀದಿ, ಲಾಂಡ್ವೆಹ್ರ್ ಬೀದಿ. ಹ್ಯಾಂಬರ್ಗ್‌ನಲ್ಲಾದರೆ ಸ್ಟೈನ್‌ಡಾಮ್. ಬರ್ಲಿನ್‌ನಲ್ಲಿ ಮಂಗಳವಾರ, ಶುಕ್ರವಾರ ಮೈಬಾಖ್ ದಂಡೆಯಲ್ಲಿ ಸಂತೆಯೇ ಕೂಡುತ್ತದೆ. ಕೊತ್ತಂಬರಿ, ಪುದೀನ, ಮೆಂತ್ಯ, ಬೆಂಡೆ, ಹಸಿಮೆಣಸಿನಕಾಯಿ ಅಲ್ಲಿ ಕಂತೆಗಟ್ಟಲೆ. ಬೇಸಿಗೆಯಲ್ಲಿ ಅವರು ‘ಸೆಮಿಜೋತು’ ಎಂದು ಮಾರುವ ದಪ್ಪ ಎಲೆಯ ಸೊಪ್ಪು ನಮ್ಮ ಗೋಣಿಸೊಪ್ಪು, ಬಸ್ಸಾರಿಗೆ ಹೇಳಿ ಮಾಡಿಸಿದ್ದು. ಉಪ್ಪು ಹಾಕದ ಹಳದಿ ‘ಲೆಬ್ಲೆಬಿ’ ಕೇಳಿದರೆ ಹುರಿಗಡಲೆ ಕೈಗೆ ಬರುತ್ತದೆ, ಚಟ್ನಿಯ ಸಮಸ್ಯೆ ಅಲ್ಲಿಗೆ ಮುಗಿಯಿತು.

ವಿಯೆಟ್ನಾಮಿನವರ, ಥಾಯ್‌ನವರ ಅಂಗಡಿಗಳಲ್ಲಿ ತುರಿದು ಫ್ರೀಜ್ ಮಾಡಿದ ತೆಂಗು, ಬಾಳೆಎಲೆ, ಬಾಳೆಹೂವು, ಹುಣಸೆಹಣ್ಣಿನ ಗಟ್ಟಿ ಸಿಗುತ್ತವೆ. ಯುಗಾದಿಗೆ ಎಲೆಯ ಮೇಲೆ ಉಣ್ಣಬೇಕೆಂದರೆ ದಾರಿ ಅದೇ. ಒಂದು ಎಚ್ಚರಿಕೆ: ಅಲ್ಲಿಯ ಅಕ್ಕಿಹಿಟ್ಟು ನೆನೆಸಿ ರುಬ್ಬಿ ಒಣಗಿಸಿದ್ದು, ಪೌಡರಿನಷ್ಟು ನಯ. ಅಕ್ಕಿರೊಟ್ಟಿಗೆ ಅದು ಒಗ್ಗುವುದಿಲ್ಲ.

ಜರ್ಮನರ ಸೂಪರ್ ಮಾರ್ಕೆಟ್ಟನ್ನು ನಮ್ಮವರು ಬರೀ ಹಾಲು, ಬ್ರೆಡ್ಡಿಗೆ ಎಂದುಕೊಂಡಿರುತ್ತಾರೆ. ನನಗಂತೂ ಅತಿ ಹೆಚ್ಚು ನೆಮ್ಮದಿ ಸಿಕ್ಕಿದ್ದು ಅಲ್ಲಿಯೇ. ನವಿಲುಕೋಸು ಇವರ ದಿನನಿತ್ಯದ ತರಕಾರಿ. ಸಬ್ಬಸಿಗೆ ಸೊಪ್ಪನ್ನು ಸೌತೆಕಾಯಿಗೂ ಮೀನಿಗೂ ಹಾಕುತ್ತಾರೆ, ಹಾಗಾಗಿ ವರ್ಷವಿಡೀ ಸಿಗುತ್ತದೆ. ಗಸಗಸೆಯನ್ನು ಕೇಕು, ಬನ್ನುಗಳಿಗೆ ತುಂಬುವವರು ಇವರು, ಆದ್ದರಿಂದ ಬೇಕರಿ ಸಾಮಾನಿನ ಸಾಲಿನಲ್ಲಿ ‘ಮೋನ್’ ಎಂದು ಕೇಳಿದರೆ ಸಾಕು. ಬಣ್ಣ ನೀಲಿಗಪ್ಪು, ಪಾಯಸ ಬೂದು ಬಣ್ಣಕ್ಕೆ ತಿರುಗುತ್ತದೆ, ರುಚಿಯಲ್ಲಿ ಮೋಸವಿಲ್ಲ. ಇಲ್ಲಿ ಇಷ್ಟು ಸುಲಭವಾಗಿ ಸಿಗುವ ಇದೇ ಗಸಗಸೆ ಯುಎಇ, ಸೌದಿ, ಸಿಂಗಪುರಗಳಲ್ಲಿ ಮಾದಕವಸ್ತುವಿನ ಲೆಕ್ಕ. ಅಲ್ಲಿಗೆ ಹೋಗುವ ಯಾರ ಚೀಲದಲ್ಲೂ, ಗೊತ್ತಿಲ್ಲದೆಯೂ, ಒಂದು ಚಿಟಿಕೆ ಇರಬಾರದು. ನಿಮ್ಮ ಮಗಳು ಆ ದೇಶಗಳ ಮೇಲೆ ವಿಮಾನ ಬದಲಿಸಿ ಬರುವುದಾದರೆ ಅವಳಿಗೂ ಈ ಮಾತು ಅನ್ವಯ.

ಮೊಸರಿನ ವಿಷಯದಲ್ಲಿ ತುಸು ನಿಲ್ಲಬೇಕು. ‘ಇಲ್ಲಿಯ ಮೊಸರು ಸಪ್ಪೆ, ಹುಳಿಯೇ ಇಲ್ಲ’ ಎಂಬ ದೂರು ಎಲ್ಲರದೂ. ಡಬ್ಬಿಯ ಮೇಲೆ ‘ಯೋಗರ್ಟ್ ಮಿಲ್ಡ್’ ಎಂದಿದ್ದರೆ ಹುಳಿ ಕಡಿಮೆ ಬರಲೆಂದೇ ಬೇರೆ ಬಗೆಯ ಬ್ಯಾಕ್ಟೀರಿಯಾ ಹಾಕಿ ಹೆಪ್ಪುಗಟ್ಟಿಸಿದ್ದು ಎಂದರ್ಥ. ಮಿಲ್ಡ್ ಎಂಬ ಮಾತಿಲ್ಲದ, ಕೊಬ್ಬಿನಂಶ 3.5 ಅಥವಾ 3.8 ಪ್ರತಿಶತ ಇರುವ ಡಬ್ಬಿ ತಂದು, ಅದರಿಂದ ಒಂದು ಚಮಚ ತೆಗೆದು ಹಾಲಿಗೆ ಹೆಪ್ಪು ಹಾಕಲಿ. ಎರಡು ಮೂರು ಸಲ ಮನೆಯಲ್ಲೇ ಹೆಪ್ಪು ಮುಂದುವರಿಸಿದರೆ ಹುಳಿ ತಾನೇ ಬರುತ್ತದೆ. ಮೊಸರನ್ನಕ್ಕೆ ‘ಮಿಲ್ಶ್‌ರೈಸ್’ ಎಂಬ ಗುಂಡು ಅಕ್ಕಿ ಚೆನ್ನಾಗಿ ಒಗ್ಗುತ್ತದೆ, ಮೆತ್ತಗೆ ಬೆಂದು ಹಾಲು ಹೀರಿಕೊಳ್ಳುತ್ತದೆ.

ತುಪ್ಪವನ್ನೂ ಇಲ್ಲಿಯೇ ಕಾಯಿಸಿಕೊಳ್ಳಬಹುದು. ಸಿದ್ಧ ತುಪ್ಪದಂಥ ‘ಬುಟರ್‌ಶ್ಮಾಲ್ಸ್’ ಸಿಗುತ್ತದಾದರೂ ಅದಕ್ಕೆ ನಮ್ಮ ತುಪ್ಪದ ಘಮ ಇಲ್ಲ. ನಮ್ಮ ಮನೆಗಳಲ್ಲಿ ಬೆಣ್ಣೆ ಬರುವುದು ಮೊಸರು ಕಡೆದು. ಆ ಹುಳಿಯೇ ಕಾದಾಗ ಘಮ ಕೊಡುತ್ತದೆ. ಇಲ್ಲಿ ಸಿಹಿಕೆನೆಯ ಬೆಣ್ಣೆ, ಹುಳಿಕೆನೆಯ ಬೆಣ್ಣೆ ಎರಡನ್ನೂ ಬೇರೆಬೇರೆಯಾಗಿ ಮಾರುತ್ತಾರೆ. ‘ಸೌವರ್‌ರಾಮ್’ ಎಂದು ಬರೆದದ್ದೇ ಹುಳಿಕೆನೆಯದು. ಅದನ್ನು ಸಣ್ಣ ಉರಿಯಲ್ಲಿ ಕಾಯಿಸಿ ಕೊನೆಗೊಂದು ವೀಳ್ಯದೆಲೆಯೋ ನಾಲ್ಕು ಕರಿಬೇವಿನ ಎಲೆಯೋ ಹಾಕಲಿ, ಅಜ್ಜಿಯ ಮನೆಯ ತುಪ್ಪವೇ.

ತುಪ್ಪದ ಮಾತನ್ನು ಇಷ್ಟು ಹೇಳಲು ಕಾರಣವಿದೆ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನಾಗಲೀ ಮಾಂಸವನ್ನಾಗಲೀ ತರುವಂತಿಲ್ಲ. ತುಪ್ಪ, ಪನೀರ್, ಖೋವಾ ಎಲ್ಲ ಅದರಲ್ಲಿ ಸೇರಿದವು. ಖೋವಾದಿಂದಲೇ ಆದ ಪೇಡದ ಆಸೆಯನ್ನೂ ಬಿಡಿ. ಕಸ್ಟಮ್ಸಿನಲ್ಲಿ ಸಿಕ್ಕಿದರೆ ಕಸದ ಡಬ್ಬಿಗೆ ಹೋಗುತ್ತದೆ. 2019ರ ಡಿಸೆಂಬರಿನಿಂದ ಹಸಿ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಿತ್ತಲಿನ ಕರಿಬೇವಿನ ಕೊಂಬೆಯನ್ನು ಪ್ರೀತಿಯಿಂದ ಕಾಗದದಲ್ಲಿ ಸುತ್ತಿ ಇಡುವ ಅಮ್ಮಂದಿರು ಇದನ್ನು ದಯವಿಟ್ಟು ಗಮನಿಸಬೇಕು. ಕರಿಬೇವಿನ ಜೊತೆ ಬರುವ ಒಂದು ಕೀಟ ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹರಡುತ್ತದೆ ಎಂಬ ಭಯ ಒಕ್ಕೂಟದವರದು, ಆ ಭಯ ಸುಳ್ಳಲ್ಲ. ಕರಾವಳಿಯವರಿಗೆ ಒಳ್ಳೆಯ ಸುದ್ದಿ: ಸ್ವಂತಕ್ಕೆ ತರುವ ಒಣಮೀನಿಗೆ 20 ಕೆ.ಜಿ.ವರೆಗೂ ಅಡ್ಡಿಯಿಲ್ಲ.

ತಿಪಟೂರಿನ ಕೊಬ್ಬರಿಗೆ ಅಡ್ಡಿ ಬರುವುದು ನಮ್ಮ ವಿಮಾನ ನಿಲ್ದಾಣದಲ್ಲೇ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಒಣಕೊಬ್ಬರಿಯನ್ನು ಚೆಕ್-ಇನ್ ಚೀಲದಲ್ಲಿ ಇಡಬಾರದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ.

ಹಾಗಾದರೆ ಕಟ್ಟಿ ಕಳಿಸುವುದು ಏನನ್ನು? ನಿಮ್ಮ ಮನೆಯ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ. ಇವು ಯಾವ ದೇಶದ ಯಾವ ಅಂಗಡಿಯಲ್ಲೂ ಇಲ್ಲ. ಕಂಪನಿಯ ಪುಡಿ ಹಾಕಿದ ಸಾರಿನಿಂದ ಹೊಟ್ಟೆ ತುಂಬುತ್ತದೆ, ಆದರೆ ಪರೀಕ್ಷೆ ಕೆಟ್ಟ ದಿನ, ಜ್ವರ ಬಂದ ದಿನ ಮಗಳಿಗೆ ಬೇಕಾಗುವುದು ನಿಮ್ಮ ಕೈಯ ಪುಡಿಯ ಸಾರು. ಕೊಬ್ಬರಿ ಹಾಕದೆ, ಚೆನ್ನಾಗಿ ಹುರಿದು, ಪೂರ್ತಿ ಆರಿಸಿ, ಕಾಲು ಕಿಲೋದ ಸಣ್ಣ ಪೊಟ್ಟಣಗಳಲ್ಲಿ ಗಾಳಿಯಾಡದಂತೆ ಸೀಲ್ ಮಾಡಿ. ಒಂದನ್ನು ಒಡೆದಾಗ ಉಳಿದವು ಘಮ ಕಳೆದುಕೊಳ್ಳಬಾರದು. ಪುಡಿಗಳೂ ಉಪ್ಪಿನಕಾಯಿಯೂ ಚೆಕ್-ಇನ್ ಚೀಲಕ್ಕೇ ಹೋಗಲಿ. ಬ್ಯಾಡಗಿ ಅರ್ಧ ಕಿಲೋ ಕೊಡಿ, ಇಲ್ಲಿ ಸಿಗುವ ಮೆಣಸಿನಕಾಯಿಗೆ ಖಾರ ಇರುತ್ತದೆ, ಆ ಬಣ್ಣ ಇರುವುದಿಲ್ಲ. ಧಾರವಾಡದವರಿಗೆ ಒಂದು ಮಾತು: ಜೋಳದ ಹಿಟ್ಟು ಇಲ್ಲಿ ಸಿಕ್ಕರೂ ಹಳೆಯದಾಗಿ ಜಿಗಿ ಹೋಗಿರುತ್ತದೆ. ಕುದಿಯುವ ಎಸರಿನಲ್ಲೇ ನಾದಿದರೆ ರೊಟ್ಟಿ ಬಿರಿಯದೆ ಏಳುತ್ತದೆ.

ಕಾಫಿಪುಡಿಯನ್ನೂ ಕೊಡಿ. ಚಿಕ್ಕಮಗಳೂರು, ಕೊಡಗಿನ ಬೀಜ ಜರ್ಮನಿಗೆ ಬರುತ್ತದೆ ನಿಜ, ಆದರೆ ಇಲ್ಲಿನ ಪುಡಿ ಕಾಗದದ ಫಿಲ್ಟರಿಗೆ ಹೊಂದುವಂಥದ್ದು. ನಮ್ಮ ಫಿಲ್ಟರಿನಲ್ಲಿ ನೀರು ಸರ್ರನೆ ಇಳಿದುಹೋಗಿ ಡಿಕಾಕ್ಷನ್ ತೆಳ್ಳಗಾಗುತ್ತದೆ.

ಪಾತ್ರೆಗಳಲ್ಲಿ ಅಲ್ಯೂಮಿನಿಯಂ ಬೇಡ. ಇಂಡಕ್ಷನ್ ಒಲೆ ಅದನ್ನು ಬಿಸಿ ಮಾಡುವುದಿಲ್ಲ. ತಳ ಗಟ್ಟಿಯಿರುವ, ಇಂಡಕ್ಷನ್ನಿಗೆ ಒಗ್ಗುವ ಮೂರು ಲೀಟರಿನ ಸ್ಟೀಲ್ ಕುಕ್ಕರು ಸಾಕು. ಮಿಕ್ಸಿ ಇಲ್ಲಿ ನಡೆಯುತ್ತದೆ, ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಮೂರು ಪಿನ್ನಿನ ಪ್ಲಗ್ಗಿಗೆ ಒಳ್ಳೆಯ ಅಡಾಪ್ಟರ್ ಬೇಕು, ಅಷ್ಟೆ. ಅಮೆರಿಕಕ್ಕೆ ಹೋಗುವವರು ಮಾತ್ರ ನಮ್ಮ ಊರಿನ ಮಿಕ್ಸಿ ಒಯ್ಯಬಾರದು, ಅಲ್ಲಿ 120 ವೋಲ್ಟ್.

ಬಂದ ಮೇಲೆ ಅವಳು ಕಣ್ಣೀರಿಡುವುದು ಎರಡು ವಿಷಯಕ್ಕೆ. ಬೇಳೆ ಬೇಯುವುದಿಲ್ಲ, ಇಡ್ಲಿ ಹಿಟ್ಟು ಹುದುಗುವುದಿಲ್ಲ. ಮ್ಯೂನಿಕ್, ಬರ್ಲಿನ್ ಎರಡೂ ಕಡೆ ನೀರು ಗಡಸು. ಅದರ ಕ್ಯಾಲ್ಸಿಯಂ ಬೇಳೆಯನ್ನು ಕರಗಲು ಬಿಡುವುದಿಲ್ಲ. ಬೇಳೆ ಗಂಟೆ ಹೊತ್ತು ನೆನೆಯಲಿ, ಫಿಲ್ಟರ್ ಜಗ್ಗಿನ ನೀರಿನಲ್ಲಿ ಬೇಯಲಿ, ಹುಣಸೆ ರಸ ಮೆತ್ತಗಾದ ಮೇಲೆ ಬೀಳಲಿ. ಹಿಟ್ಟಿಗೆ ಬೇಕಾದದ್ದು 30 ಡಿಗ್ರಿಯ ಆಸುಪಾಸು, ಚಳಿಗಾಲದ ಕೋಣೆ 20ನ್ನು ದಾಟುವುದಿಲ್ಲ. ಓವನ್ ಹೊತ್ತಿಸದೆ ಒಳಗಿನ ದೀಪ ಮಾತ್ರ ಹಾಕಿ ಹಿಟ್ಟಿನ ಪಾತ್ರೆ ಇಟ್ಟರೆ ಬೆಳಗ್ಗೆ ಉಬ್ಬಿರುತ್ತದೆ. ಹಂಚಿಕೊಂಡ ಅಡುಗೆಮನೆಯಾದರೆ ಓವನ್ನಿನ ಬಾಗಿಲಿಗೆ ‘ಒಳಗೆ ಹಿಟ್ಟಿದೆ, ಹೊತ್ತಿಸಬೇಡಿ’ ಎಂದೊಂದು ಚೀಟಿ ಅಂಟಿಸಲೇಬೇಕು. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ, ಹಜಾರದ ಬಾಗಿಲು ಮುಚ್ಚಿರಲಿ. ಹೊಗೆ ಪತ್ತೆ ಮಾಡುವ ಯಂತ್ರ ಸಾಮಾನ್ಯವಾಗಿ ಇರುವುದು ಹಜಾರದಲ್ಲಿ.

ಟಿಕೆಟ್ ತೆಗೆಯುವ ಮುಂಚೆ ಕ್ಯಾಲೆಂಡರ್ ನೋಡಿ. ಭಾನುವಾರ ಇಲ್ಲಿ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅಕ್ಟೋಬರ್ 3 ಏಕೀಕರಣದ ದಿನ, ಅಂದೂ ಹಾಗೆಯೇ. ತೆರೆದಿರುವುದು ಹೆಚ್ಚಾಗಿ ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳು, ಅಲ್ಲಿ ಬೆಲೆ ಹೆಚ್ಚು. ಶನಿವಾರ ರಾತ್ರಿ ಬಂದಿಳಿದ ಮಗುವಿಗೆ ಸೋಮವಾರದವರೆಗೆ ಉಣ್ಣಲು ಏನಾದರೂ ಕೈಯಲ್ಲಿರಬೇಕು. ಗೊಜ್ಜವಲಕ್ಕಿಗೆ ಕುಟ್ಟಿದ ಅವಲಕ್ಕಿ, ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ನಾಲ್ಕು ಹಿಡಿ ಖಾರದ ಪುರಿ. ಬಿಸಿನೀರಿನ ಕೆಟಲ್ ಒಂದಿದ್ದರೆ ಮೊದಲೆರಡು ದಿನಕ್ಕೆ ಅಷ್ಟು ಸಾಕು.