ಬೇವಾರ್ಸಿ: ಕಚೇರಿಯ ಕಡತದಿಂದ ಬೀದಿಯ ಬೈಗುಳಕ್ಕೆ

ದಾವಣಗೆರೆಯ ಮಂಡಿಪೇಟೆಯಲ್ಲಿ ಲಾರಿಗೆ ಆಟೊ ಅಡ್ಡ ಬಂದರೆ ಸಾಕು, ‘ಬೇವಾರ್ಸಿ’ ಎಂಬ ಮಾತು ಹೊರಬೀಳುತ್ತದೆ. ನಪಾಸಾದ ಮಗನಿಗೂ ಅದೇ, ಸಾಲ ತೀರಿಸದ ಗೆಳೆಯನಿಗೂ ಅದೇ. ಕೆಲಸಕ್ಕೆ ಬಾರದವನು ಎಂದಷ್ಟೇ ಭಾವಿಸಿ ಆಡುವವರು ಬಹಳ. ಪದದ ಒಡಲಲ್ಲಿರುವುದು ಅದಕ್ಕಿಂತ ಕ್ರೂರವಾದದ್ದು.

‘ಬೇ’ ಪಾರ್ಸಿಯದು, ಇಲ್ಲದ ಎಂದರ್ಥ. ಬೇನಾಮಿ, ಬೇಜವಾಬ್ದಾರಿಗಳಲ್ಲಿರುವುದೂ ಇದೇ. ‘ವಾರಿಸ್’ ಅರಬ್ಬಿಯದು, ಉತ್ತರಾಧಿಕಾರಿ. ನಮ್ಮ ವಾರಸುದಾರ ಹುಟ್ಟಿದ್ದೂ ಅದರಿಂದಲೇ. ಬೇವಾರಸು ಎಂದರೆ ಹಕ್ಕುದಾರರಿಲ್ಲದ ಸ್ವತ್ತು. ಮೂಲದಲ್ಲಿ ಅದು ಬೈಗುಳವಲ್ಲ, ಲೆಕ್ಕಪತ್ರದ ಮಾತು.

ಈ ಸೀಮೆಗೆ ಪಾರ್ಸಿ ಕಡತಗಳ ಪರಿಚಯ ಹಳೆಯದು. 1687ರಲ್ಲಿ ಮೊಗಲರು ಶಿರಾ ಸುಬಾ, ಅಂದರೆ ಪ್ರಾಂತ್ಯ, ರಚಿಸಿದಾಗ ಇಂದಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಅದರ ಪರಗಣೆ ಎಂಬ ಆಡಳಿತ ವಿಭಾಗಗಳಲ್ಲೊಂದಾಯಿತು. ಚಿತ್ರದುರ್ಗ ಕಪ್ಪ ಕೊಡುವ ಸಂಸ್ಥಾನವಾಯಿತು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ತಹಶೀಲ್ದಾರ, ಶಿರಸ್ತೇದಾರ, ಜಮಾಬಂದಿ ಇವೆಲ್ಲ ಇಂಥ ಆಡಳಿತಗಳು ಬಿಟ್ಟುಹೋದ ಮಾತುಗಳೇ.

ದಾವಣಗೆರೆಯ ಕಥೆಯಲ್ಲೂ ಒಬ್ಬ ವಾರಸುದಾರರಿಲ್ಲದವನಿದ್ದಾನೆ. ಹೈದರಾಲಿ ಈ ಊರನ್ನು ಅಪೋಜಿ ರಾಮ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ವರ್ತಕರನ್ನು ಕರೆತಂದು ನೆಲೆಗೊಳಿಸಿದವನು ಅವನೇ. ಅವನು ತೀರಿಕೊಂಡಾಗ ವಾರಸುದಾರರಿರಲಿಲ್ಲ ಎನ್ನುತ್ತದೆ ಗೆಜೆಟಿಯರ್. ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು.

ಸ್ವತ್ತಿಗೆ ಅಂಟಿದ್ದ ಪದ ಮನುಷ್ಯನಿಗೆ ಅಂಟಿದಾಗ ಅರ್ಥವೂ ತಿರುಗಿತು. ಹೊಲ, ಹೆಸರು, ಆಸರೆ ಎಲ್ಲವೂ ಅಪ್ಪನ ಕಡೆಯಿಂದಲೇ ಬರಬೇಕಾಗಿದ್ದ ಸಮಾಜದಲ್ಲಿ ‘ಹೇಳುವವರು ಕೇಳುವವರು ಇಲ್ಲದವನು’ ಎಂಬುದು ‘ಅಪ್ಪನಿಲ್ಲದವನು’ ಎಂದಾಯಿತು. ಅಲ್ಲಿಂದ ಮುಂದೆ ಏಟು ಬೀಳುವುದು ತಾಯಿಯ ಮೇಲೆ. ಅನಾಥ ಮಕ್ಕಳು, ವಿಧವೆಯರ ಮಕ್ಕಳು, ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ದೇವದಾಸಿಯರ ಮಕ್ಕಳು ಇದನ್ನು ತಮಾಷೆಯ ಮಾತೆಂದು ಕೇಳಿಸಿಕೊಳ್ಳಲಾರರು. ತಮ್ಮದಲ್ಲದ ತಪ್ಪಿಗೆ ಅವರು ತಲೆ ತಗ್ಗಿಸಬೇಕಾಗುತ್ತದೆ. ಇದು ಅನ್ಯಾಯ.

ಕಾನೂನು ಇಷ್ಟರಲ್ಲಿ ಬಹಳ ದೂರ ಸಾಗಿದೆ. ತಾಯಿಯೊಬ್ಬಳ ಹೆಸರಿದ್ದರೂ ಪಾಸ್‌ಪೋರ್ಟ್ ಸಿಗುವಂತೆ 2016ರಲ್ಲಿ ನಿಯಮ ಸಡಿಲಿಸಲಾಯಿತು. 2023ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕದ ಕುಟುಂಬವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹಿಂದೂ ಅವಿಭಕ್ತ ಕುಟುಂಬಗಳಿಗೆ ಅನ್ವಯಿಸುವ ತೀರ್ಪು ಕೊಟ್ಟಿತು: ಅಸಿಂಧು, ಅಂದರೆ ಕಾನೂನಿನಲ್ಲಿ ಊರ್ಜಿತವಲ್ಲದ ವಿವಾಹದಿಂದ ಹುಟ್ಟಿದ ಮಕ್ಕಳಿಗೂ, ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆ ತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ. ಅಂದರೆ ಅವರು ವಾರಸುದಾರರೇ.